ತೊಟ್ಟೆ ಬ್ಯಾನ್ ಆಗಿದೆ, ತೊಟ್ಟೆ ಬೇಕಾ?

ತೊಟ್ಟೆ ಅಂದ್ರೆ ನಮ್ಮ ಕಡೆ ಪ್ಲಾಸ್ಟಿಕ್ ಕ್ಯಾರಿಬ್ಯಾಗು. ಮೊನ್ನೆ ಆದಿತ್ಯವಾರ ಮಂಗಳೂರಲ್ಲಿ ಮೀನು ತಗೊಳ್ಳಿಕ್ಕೆ ಹೋಗಿದ್ದೆ. ಚೀಲ ಮನೇಲಿ ಬಾಗಿಲ ಹಿಂದೆ ನೇತಾಡ್ತಾ ಇತ್ತು, ನಾನು ಮಾರ್ಕೆಟಲ್ಲಿ ಕೈ ಬೀಸ್ಕೊಂಡು ನಿಂತಿದ್ದೆ. ಬಂಗುಡೆ ಎಣಿಸಿದ ಅಕ್ಕ "ತೊಟ್ಟೆ ಬ್ಯಾನ್ ಅಲ್ವಾ ಅಣ್ಣ, ಚೀಲ ತರ್ಲಿಕ್ಕೆ ಎಂತ ಆಗ್ತದೆ ನಿಮಗೆ" ಅಂತ ಚೆನ್ನಾಗಿ ಬೈದು, ಬೈದು ಮುಗಿಯುವ ಮೊದಲೇ ಬುಟ್ಟಿ ಅಡಿಯಿಂದ ಕಪ್ಪು ತೊಟ್ಟೆ ಎಳೆದು ಮೀನು ತುಂಬಿಸಿ, ಒಂದಾದ್ರೆ ಸೋರ್ತದೆ ಅಂತ ಅದನ್ನ ಇನ್ನೊಂದು ತೊಟ್ಟೆಗೆ ಹಾಕಿ ಕೊಟ್ರು. ಅವರ ತಲೆ ಮೇಲೆ ಬೋರ್ಡ್ ಉಂಟು: ಪ್ಲಾಸ್ಟಿಕ್ ಬಳಕೆ ನಿಷೇಧಿಸಲಾಗಿದೆ. ಬೋರ್ಡ್ ಫ್ಲೆಕ್ಸಿಂದು.

ಫ್ಲೆಕ್ಸ್ ಕೂಡ ಬ್ಯಾನ್ ಆದದ್ದೇ ಮಾರಾಯ್ರೆ! 2016ರ ಮಾರ್ಚಲ್ಲಿ ರಾಜ್ಯ ಸರಕಾರ ಕ್ಯಾರಿಬ್ಯಾಗು, ಬ್ಯಾನರು, ಫ್ಲೆಕ್ಸು, ಪ್ಲೇಟು, ಚಮಚ ಎಲ್ಲ ಒಂದೇ ಆದೇಶದಲ್ಲಿ ನಿಷೇಧ ಮಾಡಿತ್ತು. ಆಮೇಲೆ ಕೇಂದ್ರದವರು 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಅಂತ ಪ್ಲೇಟು ಚಮಚಗಳನ್ನ ಇನ್ನೊಮ್ಮೆ ನಿಷೇಧ ಮಾಡಿದ್ರು. ಒಂದೇ ಹೆಣಕ್ಕೆ ಎರಡು ಸಲ ಕಟ್ಟಿಗೆ ಒಟ್ಟುದು ಅಂದ್ರೆ ಮೊದಲ ಸಲ ಅದು ಎದ್ದು ಹೋಗಿತ್ತು ಅಂತಲೇ ಲೆಕ್ಕ.

ಮಂಡೆಬಿಸಿ ಆಗಿ ಮನೆಗೆ ಬಂದು ಡಿಕ್ಷನರಿ ತೆಗೆದೆ. ಆಗ ಗೊತ್ತಾಯ್ತು, ತಪ್ಪು ಆಡಳಿತದ್ದಲ್ಲ, ನಾವೇ ಪದ ತಪ್ಪು ತಿಳ್ಕೊಂಡದ್ದು. ಬ್ಯಾನ್ ಅನ್ನುವ ಇಂಗ್ಲಿಷ್ ಪದಕ್ಕೆ ಹುಟ್ಟುವಾಗ ತಡೆಯುವ ಅರ್ಥವೇ ಇರಲಿಲ್ಲ. ಹಳೇ ಇಂಗ್ಲಿಷಲ್ಲಿ ಬನ್ನನ್ ಅಂದ್ರೆ ಜನರನ್ನ ಕರೆಯುದು, ಸಾರಿ ಹೇಳುದು. ಅಷ್ಟೆ, ನಮ್ಮ ಡಂಗುರ ಹೊಡೆದ ಹಾಗೆ. ಶಾಪ ಹಾಕುದು, ಬೇಡ ಅನ್ನುದು ಎಲ್ಲ ಆಮೇಲೆ ಅಂಟಿಕೊಂಡದ್ದು. ನಂಬಿಕೆ ಬರದಿದ್ರೆ ನಮ್ಮ ಕ್ರಿಶ್ಚಿಯನ್ ದೋಸ್ತಿಗಳನ್ನ ಕೇಳಿ, ಮದುವೆಗೆ ಮೊದಲು ಇಗರ್ಜಿಯಲ್ಲಿ ಮೂರು ಆದಿತ್ಯವಾರ ಹುಡುಗ ಹುಡುಗಿ ಹೆಸರು ಓದ್ತಾರಲ್ಲ, ತಕರಾರು ಇದ್ದವರು ಹೇಳಿ ಅಂತ, ಇಂಗ್ಲಿಷಲ್ಲಿ ಅದಕ್ಕೆ ಬ್ಯಾನ್ಸ್ ಅಂತಲೇ ಹೆಸರು. ಮದುವೆ ನಿಲ್ಲಿಸುದಲ್ಲ, ಮದುವೆ ಉಂಟು ಅಂತ ಹೇಳುದು! ಹಾಗೆ ನೋಡಿದ್ರೆ ನಮ್ಮ ಆಡಳಿತ ಮೂಲಾರ್ಥವನ್ನ ಒಂದು ಚೂರೂ ಬಿಡದೆ ಪಾಲಿಸ್ತಾ ಉಂಟು. ತೊಟ್ಟೆ ಉಂಟು ಅಂತ ಊರಿಗೆಲ್ಲ ಸಾರಿ ಹೇಳಿದ್ದಾರೆ, ನಾವು ಹೋಗಿ ತಗೊಂಡು ಬರ್ತೇವೆ.

ಇನ್ನು ನಮ್ಮ ನಿಷೇಧ. ಸಂಸ್ಕೃತದ ಸಿಧ್ ಧಾತು, ಮುಂದೆ ನಿ ಸೇರಿ ಸ ಹೋಗಿ ಷ ಆದದ್ದು. ಕೆಲಸ ಸಿದ್ಧಿ ಆಗ್ತದಲ್ಲ, ಆ ಸಿಧ್ ಬೇರೆ, ಇದು ಹೋಗು ಅನ್ನುವ ಅರ್ಥದ ಸಿಧ್, ಹಾಗಾಗಿ ನಿಷೇಧ ಅಂದ್ರೆ ಓಡಿಸುದು, ದೂರ ಮಾಡುದು. ಇದು ಕೂಡ ಸರಿಯೇ ಆಗಿದೆ ನೋಡಿ, ತೊಟ್ಟೆಯನ್ನ ಓಡಿಸಿದ್ದಾರೆ, ಬುಟ್ಟಿ ಮೇಲಿಂದ ಬುಟ್ಟಿ ಅಡಿಗೆ.

ವೇದದ ವಾಕ್ಯಗಳಿಗೆ ಅರ್ಥ ನಿರ್ಣಯ ಮಾಡುವ ಮೀಮಾಂಸೆಯವರು ನಿಷೇಧಕ್ಕೆ ಕೊಡುವ ಹಳೇ ಉದಾಹರಣೆ "ನ ಕಲಂಜಂ ಭಕ್ಷಯೇತ್", ಕಲಂಜ ತಿನ್ನಬಾರದು. ಸರಿ, ತಿನ್ನುದಿಲ್ಲ, ಆದ್ರೆ ಕಲಂಜ ಅಂದ್ರೆ ಎಂತದು? ವಿಷದ ಬಾಣ ತಾಗಿದ ಪ್ರಾಣಿಯ ಮಾಂಸ ಅಂತ ಒಂದು ಅರ್ಥ, ತಂಬಾಕು ಅಂತ ಇನ್ನೊಂದು. ನಮ್ಮ ತೊಟ್ಟೆದು ಕೂಡ ಇದೇ ಕಥೆ. ರಾಜ್ಯದ ಆದೇಶಕ್ಕೆ ದಪ್ಪ ತೆಳು ಭೇದ ಇಲ್ಲ, ಕೇಂದ್ರದ ನಿಯಮ 2021ರಲ್ಲಿ ಕನಿಷ್ಠ ದಪ್ಪ 75 ಮೈಕ್ರಾನ್ ಅಂತು, 2022ರ ಕೊನೆಗೆ 120 ಅಂತು. ಬಂಗುಡೆ ನೀರು ಸೋರುವ ಹೊತ್ತಲ್ಲಿ ಮೈಕ್ರಾನ್ ಅಳೆಯುದು ಯಾರು, ರಥಬೀದಿಯಿಂದ ಮೀಮಾಂಸಾ ವಿದ್ವಾಂಸರನ್ನ ಕರೆಸುದಾ?

ಮತ್ತೆ ಆ "ಲಾಗಿದೆ". ನಿಷೇಧಿಸಲಾಗಿದೆ, ಸೂಚಿಸಲಾಗಿದೆ, ಎಚ್ಚರಿಸಲಾಗಿದೆ. ಯಾರು ಮಾರಾಯ್ರೆ? ಮನೇಲಿ ಯಾರಾದ್ರೂ ಗಂಜಿ ಬಡಿಸಲಾಗಿದೆ, ಉಪ್ಪಿನಕಾಯಿ ಮುಗಿಸಲಾಗಿದೆ ಅಂತಾರಾ? ಕರ್ತೃ ಇಲ್ಲದ ವಾಕ್ಯಕ್ಕೆ ಹೆದರುದು ಹೇಗೆ.

ನಿಜವಾಗಿ ನಡೆಯುವ ನಿಷೇಧ ನಾನು ಕಂಡದ್ದು ಮಲ್ಪೆಯಲ್ಲಿ. ಜೂನ್ 1ರಿಂದ ಜುಲೈ 31, 61 ದಿನ, ಬೋಟೆಲ್ಲ ಸಾಲಾಗಿ ಬಂದರಲ್ಲಿ ಕಟ್ಟಿ ಹಾಕಿರ್ತಾರೆ, ಮೀನು ಮೊಟ್ಟೆ ಇಡುವ ಕಾಲ ಅಂತ. ಆದೇಶ ಸರಕಾರದ್ದೇ, ಇಲ್ಲ ಅನ್ನುದಿಲ್ಲ, ಆದ್ರೆ ಆಷಾಢದ ಕಡಲು ಒಮ್ಮೆ ಎದ್ದು ನಿಂತ್ರೆ ಯಾವ ಬೋರ್ಡೂ ಬೇಡ. ತೊಟ್ಟೆಗೆ ಅಂತ ಒಂದು ಕಡಲು ಎಲ್ಲಿಂದ ತರುದು?

ಇಷ್ಟೆಲ್ಲ ಓದಿ ತಿಳ್ಕೊಂಡು, ಮೀನು ತೊಳೆದು, ಎರಡೂ ತೊಟ್ಟೆ ಮುದ್ದೆ ಮಾಡಿ ಬಿಸಾಡ್ಲಿಕ್ಕೆ ಹೊರಟೆ. ಅಮ್ಮ ಒಳಗಿಂದ "ದಕ್ಕರೆ ಬಲ್ಲಿ!" ಅಂದ್ರು, ಬಿಸಾಡ್ಬಾರ್ದು ಅಂತ. ತುಳುವಿನ ಈ ಬಲ್ಲಿಗೆ ಧಾತು ಗೀತು ಹುಡುಕುವ ಧೈರ್ಯ ನನಗಿಲ್ಲ, ಗಜೆಟ್ ಇಲ್ಲದೆ ಆ ಕ್ಷಣದಿಂದಲೇ ಜಾರಿ. ತೊಟ್ಟೆ ಎರಡನ್ನೂ ಸಾಬೂನು ಹಾಕಿ ತೊಳೆದು ಹಿತ್ತಿಲಲ್ಲಿ ಬಟ್ಟೆ ಹಾಕುವ ಬಳ್ಳಿಗೆ ಕ್ಲಿಪ್ ಸಿಕ್ಕಿಸಿ ಒಣಗಿಸಿದ್ದಾರೆ, ಮುಂದಿನ ಆದಿತ್ಯವಾರಕ್ಕೆ.