ಸಾಲು ಸ್ಥಳಾಂತರಗೊಂಡಿದೆ

ವಿಜಯಪುರದ ನಮ್ಮ ಬಡಾವಣೆಗೆ ಹತ್ತಿರದಲ್ಲೇ ತೆರೆದಿರುವ ಹೊಸ ಮಳಿಗೆಯ ಬಾಗಿಲಲ್ಲಿ ಆಳೆತ್ತರದ ಫಲಕವೊಂದು ನಿಂತಿದೆ. ‘ಸಾಲುಗಳಿಗೆ ವಿದಾಯ ಹೇಳಿ, ಸ್ಕ್ಯಾನ್ ಮಾಡಿ, ಸಾಗುತ್ತಿರಿ’ ಎಂದು ಅದರಲ್ಲಿ ಬರೆದಿದೆ. ಎಲ್ಲೋ ದೂರದ ಊರಿನಲ್ಲಿ ಅನುವಾದಗೊಂಡು ಬಂದ ಕನ್ನಡವಾದ್ದರಿಂದ ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಹೀಗಾಗಿ ಫಲಕದ ಮುಂದೆಯೇ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ನಾನು ಐದನೆಯವನಾದೆ.

ಮನೆಯಾಕೆ ಕೊಟ್ಟಿದ್ದ ಚೀಟಿ ಬಹಳ ಚಿಕ್ಕದು: ತೊಗರಿಬೇಳೆ ಒಂದು ಕಿಲೋ, ಸಾಬೂನು ಎರಡು, ನಿಂಬೆಹಣ್ಣು ನಾಲ್ಕು. ಫಲಕದ ಪ್ರಕಾರ ಕೆಲಸವೂ ಚಿಕ್ಕದೇ. ಮಳಿಗೆಯ ಆ್ಯಪ್ ಇಳಿಸಿಕೊಳ್ಳಬೇಕು, ಸಾಮಾನಿನ ಬಾರ್‌ಕೋಡಿಗೆ ಮೊಬೈಲ್ ಹಿಡಿಯಬೇಕು, ಯುಪಿಐನಲ್ಲಿ ಹಣ ಕಟ್ಟಬೇಕು, ಮನೆಗೆ ನಡೆಯಬೇಕು.

ಆ್ಯಪ್ ನನ್ನ ಹೆಸರು ಕೇಳಿತು. ಮೊಬೈಲ್ ಸಂಖ್ಯೆ, ಇಮೇಲ್, ಹುಟ್ಟಿದ ದಿನ, ಮದುವೆಯಾದ ದಿನ ಎಲ್ಲವನ್ನೂ ಕೇಳಿತು. ನಮ್ಮ ಮದುವೆಗೆ ಬಂದ ಬೀಗರೂ ಇಷ್ಟು ವಿಚಾರಿಸಿರಲಿಲ್ಲ. ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. ಆ್ಯಪ್ ಈ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅದು ಯಾರನ್ನೂ ಒತ್ತಾಯಿಸುವುದಿಲ್ಲ. ಸಂಖ್ಯೆ ಕೊಡದವರ ಮುಂದೆ ಸುಮ್ಮನೆ ಕದಲದೆ ಕುಳಿತಿರುತ್ತದೆ.

ಸಂಖ್ಯೆ ಕೊಟ್ಟೆ. ಓಟಿಪಿ ಬರಬೇಕಿತ್ತು. ಮಳಿಗೆ ಇರುವುದು ನೆಲಮಾಳಿಗೆಯಲ್ಲಿ, ಸುತ್ತಲೂ ದಪ್ಪ ಗೋಡೆ. ಇದೇ ಊರಿನಲ್ಲಿ 1656ರಲ್ಲಿ ಮುಗಿದ ಗೋಳಗುಮ್ಮಟದೊಳಗೆ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಬರುತ್ತದೆಂದು ಪ್ರವಾಸಿಗರಿಗೆ ಹೇಳುತ್ತೇವೆ. ಇಲ್ಲಿ ಆರು ಸಲ ಒತ್ತಿದರೂ ಒಂದೂ ಬರಲಿಲ್ಲ. ‘ಕಾಕಾ, ಐಸ್‌ಕ್ರೀಮ್ ಪೆಟ್ಟಿಗೆಯ ಹತ್ತಿರ ನಿಲ್ಲಿರಿ, ಅಲ್ಲಿ ಸಿಗ್ನಲ್ ಸಿಗುತ್ತದೆ’ ಎಂದು ಮಳಿಗೆಯ ಹುಡುಗ ದಾರಿ ತೋರಿಸಿದ. ಅಲ್ಲಿ ಆಗಲೇ ಎಂಟು ಜನ ಕೈ ಮೇಲೆತ್ತಿ ನಿಂತಿದ್ದರು. ಐಸ್‌ಕ್ರೀಮ್ ಬೇಕಿದ್ದ ಒಂದು ಮಗು ಮಾತ್ರ ಅವರ ಕಾಲುಗಳ ನಡುವೆ ನುಸುಳಲಾರದೆ ಅಳುತ್ತಿತ್ತು. ಏಳನೆಯ ಸಲಕ್ಕೆ ನನ್ನ ಓಟಿಪಿ ಬಂದಿತು.

ಬೇಳೆಯ ಪೊಟ್ಟಣ ಸ್ಕ್ಯಾನ್ ಆಯಿತು, ಸಾಬೂನೂ ಆಯಿತು. ಉಳಿದದ್ದು ನಿಂಬೆಹಣ್ಣು. ಬಾರ್‌ಕೋಡ್ ತೋರಿಸಿ ಮೊದಲ ಸಾಮಾನು ಮಾರಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಿಯೋದ ಟ್ರಾಯ್ ಎಂಬ ಊರಿನಲ್ಲಿ. ಅದು ಚ್ಯೂಯಿಂಗ್ ಗಮ್ಮಿನ ಒಂದು ಪೊಟ್ಟಣ. ಅಲ್ಲಿಂದೀಚೆಗೆ ಅರ್ಧ ಶತಮಾನ ಕಳೆದರೂ ಗಿಡಗಳು ಮಾತ್ರ ಇನ್ನೂ ಹಳೆಯ ಪದ್ಧತಿಯಲ್ಲೇ ಹಣ್ಣು ಬಿಡುತ್ತಿವೆ. ನಮ್ಮ ಇಂಡಿ ತಾಲ್ಲೂಕಿನ ನಿಂಬೆಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿದೆ, ಬಾರ್‌ಕೋಡ್ ಸಿಕ್ಕಿಲ್ಲ. ಆದ್ದರಿಂದ ನಿಂಬೆಹಣ್ಣನ್ನು ತೂಕ ಮಾಡಿಸಿ ಚೀಟಿ ಅಂಟಿಸಿಕೊಳ್ಳಬೇಕು. ತಕ್ಕಡಿಯ ಮುಂದೆ ಹನ್ನೊಂದು ಜನರಿದ್ದರು.

ಹಣ ಕಟ್ಟಿದ್ದು ಮಾತ್ರ ಕಣ್ಣು ಮಿಟುಕಿಸುವುದರೊಳಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, 2016ರಲ್ಲಿ ಬಂದ ಯುಪಿಐ ಕೆಲಸ ಮಾಡುತ್ತದೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯಲ್ಲಿ ಕೊತ್ತಂಬರಿ ಮಾರುವ ಆಯಿಯೂ ತಕ್ಕಡಿಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇಟ್ಟುಕೊಂಡಿದ್ದಾಳೆ. ಹತ್ತು ರೂಪಾಯಿ ಬಂತೆಂದು ಅವಳ ಪೆಟ್ಟಿಗೆ ಕೂಗುತ್ತದೆ, ಅವಳು ಸಿವುಡು ಎತ್ತಿ ಕೊಡುತ್ತಾಳೆ, ಕೈಯಲ್ಲಿದ್ದ ಇನ್ನೆರಡು ಎಳೆಯನ್ನು ಮೇಲೆ ಹಾಕುತ್ತಾಳೆ. ನನ್ನ ಮದುವೆಯ ದಿನವನ್ನು ಆಕೆ ಇದುವರೆಗೆ ಕೇಳಿಲ್ಲ.

ಹಣ ಕಟ್ಟಿ ಬಾಗಿಲಿಗೆ ಬಂದರೆ, ಅಲ್ಲಿತ್ತು ಅಸಲಿ ಸಾಲು. ಹಿಂದೆ ಗಲ್ಲೆಯ ಮುಂದೆ ನಿಲ್ಲುತ್ತಿದ್ದ ಸಾಲು ಎದ್ದು ಬಂದು ಕಾವಲುಗಾರನ ಮುಂದೆ ಬಿಡಾರ ಹೂಡಿತ್ತು. ಪ್ರತಿಯೊಂದು ಬಿಲ್ಲಿನ ಮೇಲೆ ಪೆನ್ನಿನಿಂದ ಗೀಟು ಹಾಕಿ ಒಂದು ತೂತು ಹೊಡೆಯಬೇಕೆಂದು ಅವರಿಗೆ ಅಪ್ಪಣೆಯಾಗಿದೆ. ನಾನು ಮೊಬೈಲ್ ತೋರಿಸಿದೆ. ಅವರು ಪೆನ್ನು ಹಿಡಿದು ಗಾಜಿನ ಪರದೆಯನ್ನು ನೋಡಿದರು, ನಂತರ ನನ್ನನ್ನು ನೋಡಿದರು.

‘ಸರ್, ಇದಕ್ಕೆ ತೂತು ಹೊಡೆಯಲು ಬರುವುದಿಲ್ಲ. ಗಲ್ಲೆಗೆ ಹೋಗಿ ಕಾಗದದ ಬಿಲ್ ತೆಗೆದುಕೊಂಡು ಬನ್ನಿರಿ.’

ಗಲ್ಲೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕೂರುತ್ತಿದ್ದ ಹುಡುಗಿಯನ್ನು ಜನರಿಗೆ ಆ್ಯಪ್ ಇಳಿಸಿಕೊಡಲು ಐಸ್‌ಕ್ರೀಮ್ ಪೆಟ್ಟಿಗೆಯ ಹತ್ತಿರ ನಿಲ್ಲಿಸಿದ್ದರು.

ಕಾಗದ ತಂದು ಮತ್ತೆ ಬಾಲದಿಂದ ಸಾಲು ಹಿಡಿದಾಗ ಯೋಚಿಸಲು ಬೇಕಾದಷ್ಟು ಬಿಡುವು ಸಿಕ್ಕಿತು. ಅಮೆಜಾನ್ ಕಂಪನಿ 2018ರಲ್ಲಿ ಸಿಯಾಟಲ್‌ನಲ್ಲಿ ಗಲ್ಲೆಯೇ ಇಲ್ಲದ ಅಂಗಡಿ ತೆರೆಯಿತು. ಸಾಮಾನು ಎತ್ತಿಕೊಂಡು ಹೊರಟರೆ ಸಾಕು, ಚಾವಣಿಯ ಕ್ಯಾಮೆರಾಗಳೇ ಲೆಕ್ಕ ಬರೆದುಕೊಳ್ಳುತ್ತಿದ್ದವು. 2024ರಲ್ಲಿ ಆ ಕಂಪನಿ ತನ್ನ ದೊಡ್ಡ ದಿನಸಿ ಮಳಿಗೆಗಳಿಂದ ಈ ವ್ಯವಸ್ಥೆಯನ್ನು ತೆಗೆಯುವುದಾಗಿ ಹೇಳಿತು. ಆ ಲೆಕ್ಕದ ಹಿಂದೆ ಭಾರತದಲ್ಲಿ ಕುಳಿತ ಸುಮಾರು ಸಾವಿರ ಜನರಿದ್ದಾರೆಂದು ಪತ್ರಿಕೆಗಳು ಬರೆದವು; ಅವರು ಯಂತ್ರಕ್ಕೆ ಕಲಿಸುವವರೇ ಹೊರತು ಕುಳಿತು ನೋಡುವವರಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಯಾವುದು ನಿಜವಾದರೂ ನನಗೆ ಹೆಮ್ಮೆಯೇ. ಅಮೆರಿಕದವರ ಸಾಲನ್ನು ಕರಗಿಸಲು ನಮ್ಮವರು ಬೇಕಾಯಿತು. ನಮ್ಮ ಸಾಲಿಗೆ ಮಾತ್ರ ಒಬ್ಬ ಕಾವಲುಗಾರ, ಒಂದು ಪೆನ್ನು.

ಗಿರಾಕಿ ನಿಂತಲ್ಲಿಗೆ ಯಂತ್ರ ಹೋಗಬೇಕೇ ಹೊರತು ಯಂತ್ರವಿದ್ದಲ್ಲಿಗೆ ಗಿರಾಕಿ ಹೋಗಬಾರದು. ಸಾಲು ತಪ್ಪಿಸಲು ಮಳಿಗೆಗಳು ಕಂಡುಕೊಂಡ ಹೊಸ ಶೋಧವಂತೆ ಇದು. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಕಂಡಕ್ಟರ್‌ಗೆ ಯಾರಾದರೂ ಈ ಸುದ್ದಿ ಮುಟ್ಟಿಸಬೇಕು. ಸಿಂದಗಿಯ ಬಸ್ಸಿನಲ್ಲಿ ಕೂರುವವರು ಕೂತಿರುತ್ತಾರೆ, ಜೋತಾಡುವವರು ಜೋತಾಡುತ್ತಿರುತ್ತಾರೆ. ಆತ ಹೆಗಲಿಗೆ ಚೀಲ, ಕೈಗೆ ಟಿಕೆಟ್ ಯಂತ್ರ ಹಾಕಿಕೊಂಡು ಬುಟ್ಟಿ, ಕೋಳಿ, ಮೊಮ್ಮಕ್ಕಳನ್ನು ದಾಟುತ್ತ ಒಬ್ಬೊಬ್ಬರ ಬಳಿಗೆ ತಾನೇ ಬರುತ್ತಾನೆ. ಬಸ್ಸು ತಗ್ಗಿಗೆ ಇಳಿದರೂ ಅವನ ಲೆಕ್ಕ ಅಲುಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಂಗಸರಿಗೆ ಶೂನ್ಯ ಮೊತ್ತದ ಟಿಕೆಟನ್ನೂ ಹರಿದು ಕೊಡುತ್ತಾನೆ. ಸೊನ್ನೆ ರೂಪಾಯಿಗೂ ರಸೀದಿ! ಕಾಗದದ್ದು! ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಬೆನ್ನಿಗೆ ಬಾಕಿ ಬರೆಯುತ್ತಾನೆ. ಇಳಿಯುವಾಗ ಯಾರ ಗಂಟನ್ನೂ ಬಿಚ್ಚಿ ನೋಡುವುದಿಲ್ಲ.

ಈ ಮಳಿಗೆಗೂ ಅಂಥದೊಂದು ಕೈಯಂತ್ರ ಬಂದಿದೆ ಎಂದು ಕಾವಲುಗಾರರೇ ತಿಳಿಸಿದರು. ಸಾಲಿನಲ್ಲಿ ನಿಂತವರ ಬಳಿಗೇ ಬಂದು ಬಿಲ್ ಮಾಡಿ ಕಾಗದ ಹರಿದು ಕೊಡುವ ಯಂತ್ರವಂತೆ.

‘ಎಲ್ಲಿದೆ?’ ಎಂದೆ.

‘ಚಾರ್ಜಿಗೆ ಇಟ್ಟಿದ್ದಾರೆ.’

‘ಯಾವಾಗಿನಿಂದ?’

‘ಉದ್ಘಾಟನೆಯ ದಿನದಿಂದ.’

ನನ್ನ ಸರದಿ ಬಂತು. ಅವರು ಬೇಳೆಯ ಪೊಟ್ಟಣವನ್ನು ತಿರುಗಿಸಿ ನೋಡಿದರು, ಸಾಬೂನನ್ನು ಮೂಸಿದರು, ನಿಂಬೆಹಣ್ಣುಗಳನ್ನು ಎರಡು ಸಲ ಎಣಿಸಿದರು. ನಾಲ್ಕೇ ಇದ್ದವು. ಗೀಟು ಬಿತ್ತು, ತೂತು ಬಿತ್ತು.

ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದು ಸ್ಕೂಟರಿಗೆ ಚೀಲ ಸಿಕ್ಕಿಸುವಷ್ಟರಲ್ಲಿ ಜೇಬಿನೊಳಗೆ ಮೊಬೈಲ್ ಟಿಣ್ ಎಂದಿತು. ಮತ್ತೆ ಟಿಣ್, ಮತ್ತೆ ಟಿಣ್. ಒಳಗೆ ಬಾರದೆ ಉಳಿದಿದ್ದ ಆರೂ ಓಟಿಪಿಗಳು ಸಾಲಾಗಿ ಬಂದವು. ಏಳನೆಯದು ಮಳಿಗೆಯ ಸಂದೇಶ: ‘ಅಭಿನಂದನೆಗಳು! ಇಂದು ನೀವು 12 ನಿಮಿಷ ಉಳಿಸಿದ್ದೀರಿ.’