ಕರಿ ಒಂದು, ಶಾರ್ಪ್ ಏಳು

ನಮ್ಮ ದೊಡ್ಡಪ್ಪ ಹಾಡುವುದು ಕರಿ ಒಂದರಲ್ಲಿ, ಅಂದರೆ ಪೇಟಿಯ (ಹಾರ್ಮೋನಿಯಂನ) ಮೊದಲ ಕರಿ ಪಟ್ಟಿಯನ್ನು ಸ ಮಾಡಿಕೊಂಡು. ನನಗೆ ಬುದ್ಧಿ ಬಂದಾಗಿನಿಂದ ಅದೇ ಪಟ್ಟಿ. ಪೇಟಿ ಮಾಸ್ತರರಿಗೆ ಅಷ್ಟು ಹೇಳಿದರೆ ಸಾಕು, ಬೆರಳು ತಾನಾಗಿ ಹೋಗಿ ಕೂರುತ್ತದೆ.

ಈ ಸಲ ಬೆಳಗಾವಿ ಟಿಳಕವಾಡಿಯ ನಮ್ಮ ಓಣಿ ಗಣಪತಿಗೆ ದೊಡ್ಡಪ್ಪನ ದಾಸರ ಪದದ ಜೊತೆ ಕ್ಲಾರಿನೆಟ್, ಕೀಬೋರ್ಡ್ ಎಲ್ಲ ಇರಲಿ ಅಂತ ಯಾರೋ ಹೇಳಿದರು. ಯಾರೋ ಅಂದರೆ ನಾನೇ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ನಮ್ಮ ಜಿಲ್ಲೆಯಲ್ಲೇ ಇದೆ, ಆ ಕಡೆಯ ಗಾಳಿ ನನಗೆ ತಾಕಿಲ್ಲ, ಆದರೆ ಲ್ಯಾಪ್‌ಟಾಪಿನಲ್ಲಿ ನೊಟೇಶನ್ ಸಾಫ್ಟ್‌ವೇರ್ ಇದೆ. ಕ್ಲಾರಿನೆಟ್ ಊದುವವರು ಮಿಲಿಟರಿ ಬ್ಯಾಂಡಿನಿಂದ ರಿಟೈರ್ ಆದವರು, ಕಾಗದ ಮುಂದಿದ್ದರೇ ಊದುವುದು.

ಬಿಲಾವಲ್ ರಾಗದ ಪದ, ಅಂದರೆ ಇಂಗ್ಲಿಷಿನವರ ಮೇಜರ್ ಸ್ಕೇಲೇ. ಒಂದೂ ಚಿಹ್ನೆ ಇಲ್ಲದ ಸಿ ಮೇಜರಿನಲ್ಲಿ ಬರೆದೆ. ಆಮೇಲೆ ಎಲ್ಲ ಸೆಲೆಕ್ಟ್ ಮಾಡಿ, ಕರಿ ಒಂದು ಅಂದರೆ ಸಿ ಶಾರ್ಪ್ ಅಲ್ವಾ ಅಂತ ಅದಕ್ಕೇ ಟ್ರಾನ್ಸ್‌ಪೋಸ್ ಕೊಟ್ಟೆ, ಅಂದರೆ ಇಡೀ ಪದವನ್ನು ಆ ಪಟ್ಟಿಗೆ ಸರಿಸಿದೆ. ಪ್ರತಿ ಸಾಲಿನ ಬಾಯಲ್ಲಿ ಏಳು ಶಾರ್ಪ್‌ಗಳು, ಅಂದರೆ ಅರ್ಧ ಸ್ವರ ಏರಿಸುವ ಚಿಹ್ನೆಗಳು, ನಿಂತವು, ಹೊಲಕ್ಕೆ ಮುಳ್ಳುಬೇಲಿ ಹಾಕಿದ ಹಾಗೆ.

ಕೀಬೋರ್ಡಿನ ಹುಡುಗಿ ಬೆರಳು ಎತ್ತಿ ಹಿಡಿದೇ ಕೇಳಿದಳು: "ಕಾಕಾ, ಇ ಶಾರ್ಪ್ ಅಂತ ಬರದೀರಿ. ಇ ಮುಂದ ಕರಿ ಪಟ್ಟೀನ ಇಲ್ಲಲ್ರಿ?"

"ಅದು ಎಫ್ ನೋಡವ್ವಾ."

"ಹಂಗಾದ್ರ ಎಫ್ ಅಂತನ ಬರೀಬೇಕಿತ್ರಿ."

ಸ್ಕೇಲಿನಲ್ಲಿ ಒಂದು ಅಕ್ಷರ ಒಂದೇ ಸಲ ಬರಬೇಕು, ಎಫ್ ಆಗಲೇ ಎಫ್ ಶಾರ್ಪ್‌ಗೆ ಹೋಗಿದೆ ಅಂತ ಹೇಳಲು ಹೋಗಿ ನನಗೇ ಗೊಂದಲವಾಯಿತು. ಕ್ಲಾರಿನೆಟ್‌ನವರು ಮಾತ್ರ ಆರಾಮ. "ನನ್ನ ಹಾಳ್ಯಾಗ ಬರೇ ಮೂರು ಫ್ಲಾಟ್ ಅದಾವ್ರಿ." ಫ್ಲಾಟ್ ಅಂದರೆ ಅರ್ಧ ಸ್ವರ ಇಳಿಸುವ ಚಿಹ್ನೆ. ಅವರದು ಬಿ ಫ್ಲಾಟ್ ಕ್ಲಾರಿನೆಟ್, ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ಕೇಳಿಸುತ್ತದೆ, ಹಾಗಾಗಿ ಒಂದು ಸ್ವರ ಮೇಲೆ ಬರೆದುಕೊಡಬೇಕು. ಅದು ಡಿ ಶಾರ್ಪ್ ಆಗಿ ಒಂಬತ್ತು ಶಾರ್ಪ್ ಬೇಕಾಗುತ್ತಿತ್ತು, ಸಾಫ್ಟ್‌ವೇರ್ ನಾಚಿಕೊಂಡು ತಾನೇ ಇ ಫ್ಲಾಟ್ ಮಾಡಿಕೊಂಡಿತ್ತು.

ನನಗೂ ಬೇಕಾದದ್ದು ಅದೇ: ಸಿ ಶಾರ್ಪ್ ಬದಲು ಡಿ ಫ್ಲಾಟ್. ಅದೇ ಪಟ್ಟಿ, ಅದೇ ದನಿ, ಐದೇ ಫ್ಲಾಟ್. ರಾತ್ರಿ ಕೂತು ಸ್ವರಗಳ ಹೆಸರು ಬದಲಿಸುವ ಬಟನ್ ಒತ್ತಿದೆ. ಹೆಸರು ಬದಲಾದವು, ಸಾಲಿನ ಬಾಯಲ್ಲಿದ್ದ ಏಳು ಶಾರ್ಪ್ ಕದಲಲಿಲ್ಲ, ಹಾಗಾಗಿ ಒಂದೊಂದು ಸ್ವರದ ಪಕ್ಕಕ್ಕೂ ಒಂದೊಂದು ತಿದ್ದುಪಡಿ ಚಿಹ್ನೆ ಬಂದು ಹಾಳೆ ಇರುವೆ ಮುತ್ತಿದ ಕುಂದಾ ಡಬ್ಬಿಯ ಹಾಗಾಯಿತು. ಕೊನೆಗೆ ಟ್ರಾನ್ಸ್‌ಪೋಸ್‌ನಲ್ಲಿ ಸಿಕ್ಕಿದ್ದು ಡಿಮಿನಿಷ್ಡ್ ಸೆಕೆಂಡ್, ಸ್ವರದ ಅಕ್ಷರವನ್ನು ಒಂದು ಮುಂದಕ್ಕೆ ಒಯ್ಯುವ ಆಯ್ಕೆ. ಎಷ್ಟು ಮೇಲೆ ಏರಿಸುತ್ತದೆ? ಕೀಬೋರ್ಡಿನಲ್ಲಿ ಸೊನ್ನೆ. ಸುಮ್ನೆ ಇದ್ದಲ್ಲೇ ಇದ್ದು ಬಡ್ತಿ. ಒತ್ತಿದೆ, ಐದು ಫ್ಲಾಟ್ ಬಂದವು, ಅರ್ಧ ರಾತ್ರಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಏನಂದಳು ಅನ್ನುವುದು ಬೇಡ.

ಕಾರ್ಯಕ್ರಮದ ದಿನ ದೊಡ್ಡಪ್ಪನ ಗಂಟಲು ಕೂತಿತ್ತು. "ಇವತ್ತ ಒಂದ್ ಸ್ವರ ಇಳಸೂಣು, ಬಿಳಿ ಏಳು." ಬಿಳಿ ಏಳು ಅಂದರೆ ಏಳನೇ ಬಿಳಿ ಪಟ್ಟಿ, ಬಿ. ಮಾಸ್ತರರು ಎಲೆ ಅಡಿಕೆ ಜಗಿಯುತ್ತಲೇ ಕೈ ಪಕ್ಕಕ್ಕೆ ಸರಿಸಿದರು. ನಾನು ಮೇಜರ್ ಸೆಕೆಂಡ್, ಅಂದರೆ ಒಂದು ಸ್ವರ, ಕೆಳಗೆ ಅಂತ ಒತ್ತಿ, ಝೆರಾಕ್ಸ್ ಅಂಗಡಿಗೆ ಓಡಿ, ಬಿಸಿ ಬಿಸಿ ಹಾಳೆ ತಂದು ಹಂಚಿದೆ. ಬಿ ಮೇಜರ್ ಅಂತ ಆರಿಸಿದ್ದರೆ ಐದು ಶಾರ್ಪ್‌ಗೆ ಮುಗಿಯುತ್ತಿತ್ತು. ಆದರೆ ಡಿ ಫ್ಲಾಟ್‌ನಿಂದ ಇಳಿಸಿದ್ದಕ್ಕೆ ಅದು ಲೆಕ್ಕ ತಪ್ಪದೆ ಸಿ ಫ್ಲಾಟ್ ಕೊಟ್ಟಿತ್ತು. ಏಳು ಫ್ಲಾಟ್, ಎಫ್‌ಗೂ ಒಂದು.

ಮೈಕ್ ಆನ್ ಆಗಿತ್ತು. ಕೀಬೋರ್ಡಿನ ಹುಡುಗಿ ಹಾಳೆ ನೋಡಿದಳು, ಕೀಬೋರ್ಡ್ ನೋಡಿದಳು, ನನ್ನ ಕಡೆ ತಿರುಗಿದಳು.

"ಕಾಕಾ, ಎಫ್ ಹಿಂದ ಕರಿ ಪಟ್ಟಿ…"