ಸಾರ್, ನೀವು ಮ್ಯೂಟ್‌ನಲ್ಲಿದ್ದೀರಿ!

ಆನ್‌ಲೈನ್‌ನಲ್ಲಿ ಪಾಠ ಮಾಡುವುದು ಹೇಗೆ ಅಂತ ಕಾಲೇಜು ಮೇಷ್ಟ್ರುಗಳಿಗೆ ಕಲಿಸುವ 5 ದಿನಗಳ ‘ಎಫ್‌ಡಿಪಿ’ ಎಂಬ ತರಬೇತಿ ಮುಗಿಸಿ ಈಗಷ್ಟೇ ಎದ್ದಿದ್ದೇನೆ. ಎದ್ದಿದ್ದೇನೆ ಅಂದರೆ ನಿದ್ದೆಯಿಂದಲೇ.

ಉದ್ಘಾಟನೆ ಭರ್ಜರಿಯಾಗಿತ್ತು. ದೀಪ ಬೆಳಗಬೇಕಲ್ಲ, ಯಾವುದೋ ದೀಪ ಉರಿಯುವ ವಿಡಿಯೋ ಹಾಕಿದರು, ಅದು ಅರ್ಧ ಉರಿದು ಬಫರ್ ಆಗುತ್ತಾ ನಿಂತಿತು, ಎಲ್ಲರೂ ಭಕ್ತಿಯಿಂದ ಕಾದೆವು. ಪ್ರಾರ್ಥನೆ ಹಾಡಿದ ಹುಡುಗಿಯ ತುಟಿ ಮಾತ್ರ ಕಂಡಿತು. ಪ್ರಾಂಶುಪಾಲರು ಅಧ್ಯಕ್ಷೀಯ ಭಾಷಣದ ಮೊದಲ 7 ನಿಮಿಷ ಮ್ಯೂಟ್‌ನಲ್ಲೇ ಇದ್ದರು. ಯಾರೂ ಹೇಳಲಿಲ್ಲ. ಹೇಳಿದರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ಮೊದಲ ದಿನದ ವಿಷಯ, ವಿದ್ಯಾರ್ಥಿಗಳ ಗಮನ ಹಿಡಿದಿಡುವುದು. ರಿಸೋರ್ಸ್ ಪರ್ಸನ್ 118 ಸ್ಲೈಡ್ ತಂದಿದ್ದರು. ಒಂದಕ್ಷರ ಬಿಡದೆ ಓದಿದರು. 11ನೇ ಸ್ಲೈಡಿನಲ್ಲಿ ‘ಸ್ಲೈಡ್ ನೋಡಿಕೊಂಡು ಓದಬೇಡಿ’ ಅಂತಿತ್ತು. ಅದನ್ನೂ ಓದಿದರು.

ಈ ಕಡೆ ನಾವು 300 ಚಿಲ್ಲರೆ ಜನ. ಕ್ಯಾಮೆರಾ ಆಫ್, ಮೈಕ್ ಆಫ್, ಹೆಸರಿನ ಮೊದಲಕ್ಷರ ಹೊತ್ತ ಬಣ್ಣದ ಬಿಲ್ಲೆಗಳು. ಇದನ್ನೇ ಮಕ್ಕಳು ಮಾಡಿದಾಗ ಲಾಕ್‌ಡೌನ್ ಕಾಲದಲ್ಲಿ ನಾವು ಎಷ್ಟು ಬೈದಿದ್ದೆವು! ನಾನಂತೂ ಮೀಟಿಂಗಿಗೆ ಸೇರಿ, ಫೋನನ್ನು ಚಾರ್ಜಿಗೆ ಹಾಕಿ, ತರಕಾರಿ ತರಲು ಹೋಗಿದ್ದೆ. ಬಂದು ನೋಡಿದರೆ ಅದೇ ಸ್ಲೈಡು. ಅಷ್ಟರಲ್ಲಿ ಯಾರದೋ ಮೈಕ್ ಆನ್ ಆಗಿ, "ರೀ, ಬದನೆಕಾಯಿ ಹೆಚ್ಚಿದ್ದಾಯ್ತಾ?" ಅಂತ ಒಂದು ದನಿ ಕೇಳಿಸಿತು. ಒಂದು ಕಡೆ ಪುರಾಣ, ಇನ್ನೊಂದು ಕಡೆ ಬದನೆಕಾಯಿ. ಎರಡೂ ಒಂದೇ ಲಿಂಕಿನಲ್ಲಿ.

ಹೋಗೋದು ಯಾಕೆ ಅಂತೀರಾ? ಸರ್ಟಿಫಿಕೇಟಿಗೆ ಸ್ವಾಮಿ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮದ ಪ್ರಕಾರ ಬಡ್ತಿ ಬೇಕಾದರೆ ಇಂಥ ಕೋರ್ಸು ಮಾಡಿರಬೇಕು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೂ ಎಷ್ಟು ಮಂದಿ ಎಫ್‌ಡಿಪಿ ಮಾಡಿದ್ದಾರೆ ಅಂತ ಲೆಕ್ಕ ಕೊಡಬೇಕು. ಎಷ್ಟು ಮಂದಿ ಕಲಿತರು ಅಂತ ಬರೆಯಲು ಆ ಫಾರ್ಮಿನಲ್ಲಿ ಕಾಲಂ ಇಲ್ಲ. ಹಾಗಾಗಿ ಕಾಲೇಜಿನಲ್ಲಿ ಈ ಲೆಕ್ಕ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಕೋಆರ್ಡಿನೇಟರ್ ದಿನಾ ಬೆಳಿಗ್ಗೆ ಗ್ರೂಪಿನಲ್ಲಿ ಲಿಂಕ್ ಹಾಕುತ್ತಾರೆ, ನಾವು ಕೈಮುಗಿಯುವ ಇಮೋಜಿ ಹಾಕುತ್ತೇವೆ. ಪಾಪ, ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರೂ ಮುಂದೆಂದಾದರೂ ಉಪಯೋಗಕ್ಕೆ ಬಂದೀತು ಅಂತ ಫೈಲ್ ತುಂಬಿಸಿಕೊಳ್ಳುತ್ತಿದ್ದಾರೆ.

ಮೇಷ್ಟ್ರುಗಳಿಗೆ ತರಬೇತಿ ಕೊಡಲು ಯುಜಿಸಿ 1987ರ ಹೊತ್ತಿಗೇ ಅಕಾಡೆಮಿಕ್ ಸ್ಟಾಫ್ ಕಾಲೇಜು ಅಂತ ಶುರು ಮಾಡಿತ್ತು. ಆಮೇಲೆ ಅದರ ಹೆಸರು ಎಚ್‌ಆರ್‌ಡಿಸಿ ಆಯಿತು. 2023ರಲ್ಲಿ ಮಾಳವೀಯ ಮಿಷನ್ ಅಂತ ಆಯಿತು. ಬೋರ್ಡು ಬರೆಯುವವನಿಗೆ ಕೈತುಂಬ ಕೆಲಸ. ನನಗೆ ಮಾತ್ರ ಪ್ರತಿ ಸಲವೂ ‘ಮೆಕಾಲೆ ಶಿಕ್ಷಣ ಪದ್ಧತಿ’ಯಿಂದಲೇ ಶುರುವಾಗುವ ಸ್ಲೈಡ್ ಸಿಗುತ್ತದೆ.

ಮೂರನೇ ದಿನ ಎಚ್ಚರವಿತ್ತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತಲ್ಲ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಮಗಳು ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ, ಯಾಕೆಂದರೆ ಮನೆಯಲ್ಲಿ ಸಿಗ್ನಲ್ ಇಲ್ಲ. ಅದು ನೆನಪಾಗಿ ಚಾಟ್‌ನಲ್ಲಿ ಕೇಳಿಬಿಟ್ಟೆ: "ಸಾರ್, ಸಿಗ್ನಲ್ ಇಲ್ಲದ ಊರಿನ ಮಕ್ಕಳಿಗೆ ಹೇಗೆ ಪಾಠ ಮಾಡೋದು?"

"ಗುಡ್ ಕ್ವಶ್ಚನ್," ಅಂದರು. ಅಲ್ಲಿಗೆ ಅವರ ನೆಟ್ ಹೋಯಿತು.

ಉತ್ತರ ಅಂಥ ಕಷ್ಟದ್ದೇನೂ ಅಲ್ಲ. 10 ನಿಮಿಷ ಮಾತಾಡಿ ಆಡಿಯೋ ಮಾಡಿ, ನೋಟ್ಸಿನ ಫೋಟೋ ಜೊತೆ ವಾಟ್ಸಾಪಿಗೆ ಹಾಕಿದರೆ ಹುಡುಗರು ಪೇಟೆಗೆ ಬಂದಾಗ ಇಳಿಸಿಕೊಂಡು ಮನೆಗೆ ಹೋಗಿ ಕೇಳುತ್ತಾರೆ. 2020ರಲ್ಲಿ ಪುಣೆಯ ಕೆಮಿಸ್ಟ್ರಿ ಟೀಚರ್ ಒಬ್ಬರು ಬಟ್ಟೆ ಹ್ಯಾಂಗರಿಗೆ ಫೋನ್ ಕಟ್ಟಿ, ಕರಿಹಲಗೆ ಮೇಲೆ ಬರೆದು ಪಾಠ ಮಾಡಿದ್ದನ್ನು ದೇಶವೇ ನೋಡಿತ್ತು. ನಾನು ಮನೆಯಲ್ಲಿ ಅದನ್ನೇ ಮಾಡಲು ಹೋಗಿ, ಹ್ಯಾಂಗರ್ ಮುರಿದು, ಹೆಂಡತಿ ಕೈಲಿ ಬೈಸಿಕೊಂಡು, ಎರಡನೇ ಸಲ ಸರಿಯಾಗಿ ಕಟ್ಟಿದೆ. ನಾನು ಕಲಿತಿದ್ದು ಅವತ್ತೇ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ.

ಕೊನೆಯ ದಿನ ಕ್ವಿಜ್. 60 ಪರ್ಸೆಂಟ್ ಬಂದರಷ್ಟೇ ಸರ್ಟಿಫಿಕೇಟ್. ಲಿಂಕ್ ಬಂದ 4 ನಿಮಿಷಕ್ಕೆ ಸ್ಟಾಫ್ ಗ್ರೂಪಿನಲ್ಲಿ ಉತ್ತರಗಳೂ ಬಂದವು: 1-ಸಿ, 2-ಎ, 3-ಬಿ. ಒಂದೊಂದೇ ಒತ್ತಿಕೊಂಡು ಹೋದೆ. 15ನೇ ಪ್ರಶ್ನೆ: ‘ಆನ್‌ಲೈನ್ ಪರೀಕ್ಷೆಯಲ್ಲಿ ನಕಲು ತಡೆಯುವ ಉತ್ತಮ ವಿಧಾನ ಯಾವುದು?’

ಗ್ರೂಪ್ ನೋಡಿದೆ. 15-ಡಿ ಅಂತಿತ್ತು. ಒತ್ತಿದೆ. ಸರಿ ಇತ್ತು.